ತಿರುವುಮುರುವಿನ ಲೆಕ್ಕಗಳು

ಹೈಸ್ಕೂಲಿನ ತರಗತಿಗಳಲ್ಲಿ ಗಣಕಯಂತ್ರದ ಪಾಠವು ಸೇರಿದಂದಿನಿಂದ, ಬಾಲಿಕೆಯರು ಮನೆಗೆ ತರುವ ಲೆಕ್ಕದ ಪುಸ್ತಕಗಳಲ್ಲಿ ಹೊಸ ಬಗೆಯ ಕೆಲವು ಪ್ರಶ್ನೆಗಳು ಕಾಣಬರುತ್ತಿವೆ. ಕೊಟ್ಟ ಸಂಖ್ಯೆಯನ್ನು ಹಿಂದುಮುಂದಾಗಿ ತಿರುಗಿಸು. ಕೊಟ್ಟ ಪದವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದೋ ಹೇಳು. ಈ ಎರಡು ಪಟ್ಟಿಗಳು ಸಮವೋ ಅಲ್ಲವೋ ನೋಡು. ಯಂತ್ರಕ್ಕೆ ಆಜ್ಞೆಗಳನ್ನು ಬರೆಯಲು ಕಲಿಯುವವರಿಗೆ ಮೊದಲ ಕೆಲವು ವಾರಗಳಲ್ಲಿ ಕೊಡುವ ಅಭ್ಯಾಸಗಳು ಬಹುಮಟ್ಟಿಗೆ ಇವೇ. ಇದನ್ನು ನೋಡಿದ ತಂದೆತಾಯಿಗಳು, "527 ಎಂಬುದನ್ನು 725 ಎಂದು ಬರೆಯುವುದಕ್ಕೆ ಯಂತ್ರವೇಕೆ? ಆರು ವರ್ಷದ ಮಗುವೂ ಬರೆದೀತಲ್ಲ" ಎಂದು ಕೇಳುವುದುಂಟು. ಈ ಪ್ರಶ್ನೆಯು ನ್ಯಾಯವಾದುದೇ ಆಗಿರುವುದರಿಂದ ಇದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈ ಪಾಠವಿಲ್ಲದ ಕಾಲದಲ್ಲಿ ಓದಿದವರು. ಅವರೂ ಒಂದು ಕಾಗದವನ್ನೂ ಸೀಸದ ಕಡ್ಡಿಯನ್ನೂ ಹಿಡಿದುಕೊಂಡು ನಮ್ಮೊಡನೆ ಬರಬಹುದು. ಯಂತ್ರದ ಅವಶ್ಯಕತೆಯಿಲ್ಲ.

ಮಗುವು 527ನ್ನು ತಿರುಗಿಸುವಾಗ ಕಾಗದದ ಮೇಲಿನ ಮೂರು ಗುರುತುಗಳನ್ನು ನೋಡಿ, ಕಡೆಯದನ್ನು ಮೊದಲು ಬರೆಯುವುದು. ಯಂತ್ರದೊಳಗೆ ಈ ಮೂರು ಗುರುತುಗಳಿಲ್ಲ. ಐನೂರ ಇಪ್ಪತ್ತೇಳು ಎಂಬ ಮೊತ್ತ ಮಾತ್ರವಿರುವುದು. ಮೊತ್ತಕ್ಕೆ ಎಡಬಲಗಳಿಲ್ಲ. ಆದುದರಿಂದ ಅದರಿಂದ ಅಂಕಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯಬೇಕಾಗುವುದು. ಅದಕ್ಕೆ ಉಪಾಯವು ನಮ್ಮ ಪ್ರೈಮರಿ ಶಾಲೆಯ ಭಾಗಾಕಾರವೇ. 527ನ್ನು 10ರಿಂದ ಭಾಗಿಸಿದರೆ ಭಾಗಲಬ್ಧ 52, ಶೇಷ 7. ಆ ಶೇಷವೇ ಬಿಡಿಸ್ಥಾನದ ಅಂಕ. ಒಂದು ಬರಿಯ ಮನೆಯಲ್ಲಿ ಮೊದಲು ಸೊನ್ನೆಯನ್ನಿಟ್ಟಿದ್ದು, ಪ್ರತಿಸಲವೂ ಅದರಲ್ಲಿರುವುದನ್ನು 10ರಿಂದ ಗುಣಿಸಿ ಹೊಸ ಶೇಷವನ್ನು ಕೂಡಿಸಬೇಕು. ಮೊದಲು 7, ಆಮೇಲೆ 52ರಿಂದ ಶೇಷ 2 ಬರಲು 7ನ್ನು ಹತ್ತರಿಂದ ಗುಣಿಸಿ 2 ಕೂಡಿ 72, ಉಳಿದ 5ರಿಂದ ಶೇಷ 5 ಬರಲು 725. ಭಾಗಲಬ್ಧವು ಸೊನ್ನೆಯಾದಾಗ ಕೆಲಸವು ಮುಗಿಯಿತು.

ಇಲ್ಲಿ ಅಂಕಗಳು ಹೊರಬೀಳುವ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ಬಿಡಿ, ಆಮೇಲೆ ಹತ್ತು, ಆಮೇಲೆ ನೂರು. ನಮ್ಮ ಹಿಂದಿನ ಜ್ಯೋತಿಷಿಗಳೂ ಶಾಸನಕಾರರೂ ಸಂಖ್ಯೆಗಳನ್ನು ಮಾತುಗಳಲ್ಲಿ ಹೇಳುವಾಗ ಇದೇ ಕ್ರಮವನ್ನು ಹಿಡಿಯುತ್ತಿದ್ದರು. ಋತುಗಳು ಆರಾದುದರಿಂದ ಋತುವೆಂದರೆ 6, ಮನ್ಮಥನ ಬಾಣಗಳು ಐದಾದುದರಿಂದ ಬಾಣವೆಂದರೆ 5, ವೇದವೆಂದರೆ 4. ಋತು, ಬಾಣ, ವೇದ ಎಂದು ಅನುಕ್ರಮವಾಗಿ ಹೇಳಿದರೆ ಅದನ್ನು 654 ಎಂದು ಓದದೆ, ಬಲದಿಂದ ಎಡಕ್ಕೆ ಇಟ್ಟುಕೊಂಡು 456 ಎಂದು ಓದತಕ್ಕದ್ದು. ಶಾಸನದ ತೇದಿಯನ್ನು ಬಿಡಿಸುವ ಪಂಡಿತನೂ ಮೇಲಣ ಲೆಕ್ಕವನ್ನು ಮಾಡುವ ಒಂಬತ್ತನೆಯ ತರಗತಿಯ ಹುಡುಗಿಯೂ ಒಂದೇ ತಿರುವನ್ನು ತಿರುಗುತ್ತಿರುವರು.

ಇನ್ನು ಹುಡುಗಿಯರು ಎಡವುವ ಕಡೆಗಳನ್ನು ಹೇಳೋಣ. 1221 ಎಂಬ ಸಂಖ್ಯೆಯು ಎರಡೂ ಕಡೆಯಿಂದ ಒಂದೇ. ಇದನ್ನು ಯಂತ್ರದಿಂದ ಹೇಳಿಸುವುದಕ್ಕೆ, ಸಂಖ್ಯೆಯನ್ನು ತಿರುಗಿಸಿ, ಬಂದುದನ್ನು ಮೊದಲಿನದರೊಂದಿಗೆ ಹೋಲಿಸಿದರೆ ಸಾಕು. ಆದರೆ ಹೊಸಬರಲ್ಲಿ ಹೆಚ್ಚು ಮಂದಿಯ ಪ್ರೋಗ್ರಾಮು 1221ಕ್ಕೂ "ಅಲ್ಲ" ಎಂದು ಉತ್ತರ ಕೊಡುವುದು. ಕಾರಣವೇನೆಂದರೆ, ಹತ್ತರಿಂದ ಭಾಗಿಸುತ್ತ ಭಾಗಿಸುತ್ತ ಮೊದಲಿನ ಸಂಖ್ಯೆಯು ಸವೆದು ಸೊನ್ನೆಯಾಗಿರುವುದು. ತಿರುಗಿಬಂದ 1221ನ್ನು ಆ ಸೊನ್ನೆಯೊಂದಿಗೆ ಹೋಲಿಸಿದಂತಾಯಿತು. ಅಕ್ಕಿಯನ್ನು ಅಳೆದು ಅಳೆದು ಇನ್ನೊಂದು ಪಾತ್ರೆಗೆ ಸುರಿದಾದ ಮೇಲೆ, ಮೊದಲಿನ ಪಾತ್ರೆಯಲ್ಲಿ ಎಷ್ಟಿತ್ತೆಂದು ಇಣಿಕಿ ನೋಡಿದ ಹಾಗೆ. ಮೊದಲೇ ಒಂದು ನಕಲನ್ನು ತೆಗೆದಿಟ್ಟಿದ್ದರೆ ಈ ತೊಂದರೆಯಿಲ್ಲ.

ಋಣಸಂಖ್ಯೆಯನ್ನು ಕೊಟ್ಟರೆ ಮತ್ತೊಂದು ವಿಚಿತ್ರವು ನಡೆಯುವುದು. −527ನ್ನು 10ರಿಂದ ಭಾಗಿಸಿದರೆ ಭಾಗಲಬ್ಧ −52, ಶೇಷ −7 ಎಂದು ಸಿ ಎಂಬ ಭಾಷೆಯು ಎಣಿಸುವುದು. ಪೈಥಾನ್ ಎಂಬ ಭಾಷೆಯು ಭಾಗಲಬ್ಧ −53, ಶೇಷ 3 ಎಂದು ಎಣಿಸುವುದು. ಎರಡೂ ಸರಿಯೇ, −53ನ್ನು ಹತ್ತರಿಂದ ಗುಣಿಸಿ 3 ಕೂಡಿದರೂ −527 ಬರುವುದು. ಆದರೆ ಪೈಥಾನಿನಲ್ಲಿ ಭಾಗಲಬ್ಧಗಳು −53, −6, −1, −1, −1 ಎಂದು ಹೋಗಿ, ಸೊನ್ನೆಯನ್ನು ಎಂದಿಗೂ ಮುಟ್ಟದೆ, ಯಂತ್ರವು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುವುದು. "ಶೇಷ" ಎಂಬ ಪದಕ್ಕೆ ಎರಡು ಅರ್ಥಗಳುಂಟೆಂಬುದು ನಮ್ಮ ಅಂಕಗಣಿತದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಾರದ ಸಂಗತಿ. ಯಂತ್ರವು ಅದನ್ನು ಹೊರಗೆಳೆಯುವುದು.

ಮನೆಯ ಅಳತೆಯೂ ಗಮನಕ್ಕೆ ತಕ್ಕುದು. ಸಿ, ಜಾವಾ ಮುಂತಾದ ಭಾಷೆಗಳಲ್ಲಿ ಒಂದು ಸಾಧಾರಣ ಪೂರ್ಣಾಂಕಕ್ಕೆ ಕೊಡುವ ಮನೆಯು 32 ಬಿಟ್ಟುಗಳದ್ದು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 214,74,83,647. 100,00,00,009 ಎಂಬುದು ಅದರಲ್ಲಿ ಸುಖವಾಗಿ ಹಿಡಿಯುವುದು. ತಿರುಗಿಸಿದ 900,00,00,001 ಹಿಡಿಯದು. ಜಾವಾದಲ್ಲಿ ಆಗ ದೊರಕುವ ಉತ್ತರ 41,00,65,409! ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಒಳಕ್ಕೆ ಹೋದ ಸಂಖ್ಯೆಯು ಸರಿಯಾಗಿದ್ದರೆ ಹೊರಕ್ಕೆ ಬರುವುದೂ ಸರಿಯಾಗಿರಲೇಬೇಕೆಂಬ ನಂಬಿಕೆಯು ಇಲ್ಲಿ ಮುರಿದುಬೀಳುವುದು.

ಆದರೆ ಎಲ್ಲಕ್ಕಿಂತ ರಸವತ್ತಾದುದು ಸೊನ್ನೆಯ ವಿಚಾರ. 520ನ್ನು ತಿರುಗಿಸಿದರೆ 025, ಎಂದರೆ 25. ಅದನ್ನು ಮತ್ತೆ ತಿರುಗಿಸಿದರೆ 52. ಎರಡು ಸಲ ತಿರುಗಿಸಿದರೆ ಮೊದಲಿನ ಸ್ಥಿತಿಗೆ ಬರಬೇಕೆಂಬ ಸಾಮಾನ್ಯ ಬುದ್ಧಿಯು ಇಲ್ಲಿ ಸುಳ್ಳಾಗುವುದು. ತಪ್ಪು ಯಾರದು? ಯಾರದೂ ಅಲ್ಲ. 520 ಎಂಬ ಮೊತ್ತವೇ ಬೇರೆ, 5, 2, 0 ಎಂಬ ಮೂರು ಗುರುತುಗಳ ಸಾಲೇ ಬೇರೆ. ಗುರುತುಗಳ ಸಾಲಿಗೆ ಸ್ಟ್ರಿಂಗ್ ಎಂದು ಹೆಸರು. ನಾವು ಸರವೆಂದು ಕರೆಯೋಣ. ಸರದಲ್ಲಿ ಸೊನ್ನೆಗೂ ಒಂದು ಮಣಿಯ ಸ್ಥಾನವುಂಟು. ಮೊತ್ತದಲ್ಲಿ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ.

ಈ ಭೇದವು ಎಷ್ಟು ಮಹತ್ತ್ವದ್ದೆಂಬುದನ್ನು ನಾಸಿಕದ ಸಮೀಪದ ದೇವಲಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಡಿ. ಆರ್. ಕಾಪ್ರೇಕರರ (1905-1986) ಪ್ರಸಿದ್ಧವಾದ ಲೆಕ್ಕದಿಂದ ತಿಳಿಯಬಹುದು. ಅವರು 1949ರಲ್ಲಿ ಪ್ರಕಟಪಡಿಸಿದ ವಿಷಯವಿದು: ನಾಲ್ಕಂಕಿಯ ಯಾವುದಾದರೊಂದು ಸಂಖ್ಯೆಯನ್ನು ತೆಗೆದುಕೊಳ್ಳಿರಿ, ನಾಲ್ಕು ಅಂಕಗಳೂ ಒಂದೇ ಆಗಿರಕೂಡದು. ಅಂಕಗಳನ್ನು ಇಳಿಯುವ ಕ್ರಮದಲ್ಲಿ ಬರೆದು, ಅದನ್ನೇ ತಿರುಗಿಸಿ ಕೆಳಗೆ ಬರೆದು ಕಳೆಯಿರಿ. ಬಂದುದಕ್ಕೆ ಮತ್ತೆ ಹೀಗೆಯೇ ಮಾಡಿರಿ. 3524ರಿಂದ ಹೊರಟರೆ 5432ರಲ್ಲಿ 2345 ಹೋಗಿ 3087. 8730ರಲ್ಲಿ 0378 ಹೋಗಿ 8352. 8532ರಲ್ಲಿ 2358 ಹೋಗಿ 6174. ಮುಂದೆ ಎಷ್ಟು ಮಾಡಿದರೂ 6174. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇಲ್ಲಿಗೇ ಬಂದು ಸೇರಬೇಕು. ಆದರೆ 1000ದಿಂದ ಹೊರಟು ನೋಡಿರಿ. 1000ದಲ್ಲಿ 0001 ಹೋಗಿ 0999. ಮುಂದಿನ ಸೊನ್ನೆಯನ್ನು ಉಳಿಸಿಕೊಂಡವಳಿಗೆ 9990ರಲ್ಲಿ 0999 ಹೋಗಿ 8991, ಆಮೇಲೆ 8082, 8532, ಕಡೆಗೆ 6174 ದೊರಕುವುದು. ಸೊನ್ನೆಯನ್ನು ಬಿಟ್ಟವಳಿಗೆ 999ರಲ್ಲಿ 999 ಹೋಗಿ ಏನೂ ಉಳಿಯದು. ಒಂದು ಶಾಲೆಯ ಮೇಷ್ಟರು ಸೀಸದ ಕಡ್ಡಿಯಿಂದ ಕಂಡುಹಿಡಿದ ನಿಯಮವು ಗಣಕಯಂತ್ರದಲ್ಲಿ ನಿಲ್ಲುವುದೂ ಬೀಳುವುದೂ ಆ ಒಂದು ಸೊನ್ನೆಯ ಮೇಲೆ.

ಎರಡೂ ಕಡೆಯಿಂದ ಒಂದೇ ಆಗಿರುವ ಸಂಖ್ಯೆಗಳ ಮೋಹವು ಕನ್ನಡನಾಡಿಗೆ ಹೊಸದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಗುಣಾಕಾರದ ಪ್ರಕರಣದಲ್ಲಿ, ಕೊರಳ ಹಾರದಂತೆ ಎರಡು ಕಡೆಯಿಂದಲೂ ಸಮನಾಗಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿರುವನು. 139ನ್ನು 109ರಿಂದ ಗುಣಿಸಿದರೆ 15151. 2,79,94,681ನ್ನು 441ರಿಂದ ಗುಣಿಸಿದರೆ ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321. ಗುಣಾಕಾರವನ್ನು ಇಷ್ಟು ಸೊಗಸಾಗಿ ಅಭ್ಯಾಸ ಮಾಡಿಸುವ ಪುಸ್ತಕಗಳು ಇಂದು ಎಷ್ಟಿವೆಯೋ ನಾವರಿಯೆವು.

ಇನ್ನು ಪದಗಳಿಗೆ ಬರೋಣ. ನಿಜವಾದ ಕಷ್ಟವು ಆರಂಭವಾಗುವುದು ಇಲ್ಲಿಯೇ.

ಹೋದ ದಾರಿಯಲ್ಲಿಯೇ ಹಿಂದಿರುಗಿ ಬರುವ ಅಕ್ಷರಪಂಕ್ತಿಗೆ ನಮ್ಮ ಅಲಂಕಾರಿಕರು ಗತಪ್ರತ್ಯಾಗತವೆಂದು ಹೆಸರಿಟ್ಟರು. ತೆನಾಲಿ ರಾಮಕೃಷ್ಣನ ಬಿರುದಾದ "ವಿಕಟಕವಿ" ಎಂಬುದು ಎಲ್ಲರಿಗೂ ತಿಳಿದ ಉದಾಹರಣೆ. ವಿ, ಕ, ಟ, ಕ, ವಿ. ಇಂಗ್ಲೀಷಿನ ಪಾಠಪುಸ್ತಕಗಳನ್ನು ಅನುಸರಿಸಿ, ಸರವನ್ನು ತಿರುಗಿಸಿ ಹೋಲಿಸುವ ಪ್ರೋಗ್ರಾಮನ್ನು ಬರೆದ ಹುಡುಗಿಯು, ಕನಕ, ಜಲಜ, ನಯನ, ಸರಸ ಎಂಬ ಪದಗಳನ್ನು ಕೊಟ್ಟು ಪರೀಕ್ಷಿಸುವಳು. ಎಲ್ಲಕ್ಕೂ "ಹೌದು" ಎಂಬ ಉತ್ತರ ಬರುವುದು. ಸಂತೋಷದಿಂದ "ವಿಕಟಕವಿ" ಎಂದು ಕೊಡುವಳು. ಯಂತ್ರವು "ಅಲ್ಲ" ಎನ್ನುವುದು!

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ, ಕನ್ನಡವು ಯಂತ್ರದೊಳಗೆ ಹೇಗೆ ಕುಳಿತಿರುವುದೆಂಬುದನ್ನು ನೋಡಬೇಕು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಪ್ರಪಂಚದ ಲಿಪಿಗಳ ಒಂದೊಂದು ಗುರುತಿಗೂ ಒಂದೊಂದು ಸಂಖ್ಯೆಯನ್ನು ಕೊಟ್ಟಿರುವರು. ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ. ಅ ಎಂಬುದು 3205, ಕ ಎಂಬುದು 3221. ಆದರೆ "ವಿ" ಎಂಬುದಕ್ಕೆ ಒಂದು ಸಂಖ್ಯೆಯಿಲ್ಲ; ವಕಾರಕ್ಕೆ ಒಂದು, ಗುಡಿಸಿಗೆ ಇನ್ನೊಂದು. ಕೊಂಬು, ಏತ್ವ, ಐತ್ವಗಳಿಗೂ ಹೀಗೆಯೇ ಬೇರೆ ಬೇರೆ ಸಂಖ್ಯೆಗಳು. ಒತ್ತಕ್ಷರಕ್ಕೆ ಪ್ರತ್ಯೇಕವಾದ ಸಂಖ್ಯೆಯೇ ಇಲ್ಲ. ಎರಡು ವ್ಯಂಜನಗಳ ನಡುವೆ 3277 ಎಂಬ ಹಲಂತದ ಗುರುತನ್ನಿಟ್ಟರೆ ಅವು ಕೂಡಿಕೊಳ್ಳುವುವು. ಹೀಗಾಗಿ ನಮ್ಮ ಕಣ್ಣಿಗೆ ಐದಕ್ಷರದ "ವಿಕಟಕವಿ" ಯಂತ್ರಕ್ಕೆ ಏಳು ಗುರುತುಗಳು. ಅದನ್ನು ಹಿಂದಿನಿಂದ ಇಟ್ಟರೆ ಮೊದಲು ಒಂಟಿ ಗುಡಿಸು, ಅದರ ಹಿಂದೆ "ವಕಟಕಿವ". ಕಡೆಯ ವಕಾರದ ಗುಡಿಸು ಅನಾಥವಾಯಿತು. ಮೊದಲ ವಕಾರದ ಗುಡಿಸು ಪಕ್ಕದ ಕಕಾರವನ್ನು ಹತ್ತಿಕೊಂಡಿತು. ಇದೇ ಪ್ರಕಾರ "ನವಜೀವನ"ವೆಂಬ ಗತಪ್ರತ್ಯಾಗತವು "ನವೀಜವನ"ವಾಗುವುದು. ಕನಕ, ಜಲಜಗಳು ಪಾರಾದುದು ಅವುಗಳಲ್ಲಿ ಕಾಗುಣಿತವೂ ಒತ್ತೂ ಇಲ್ಲದ ಭಾಗ್ಯದಿಂದ ಮಾತ್ರ.

"ಪುಸ್ತಕ"ವೆಂಬ ಪದವನ್ನು ತಿರುಗಿಸುವುದು ಇನ್ನೂ ಬೋಧಪ್ರದವಾದುದು. ಅಕ್ಷರಗಳು ಮೂರು: ಪು, ಸ್ತ, ಕ. ಯಂತ್ರದ ಗುರುತುಗಳು ಆರು: ಪ, ಕೊಂಬು, ಸ, ಹಲಂತ, ತ, ಕ. ಬಹಳವಾಗಿ ಬಳಕೆಯಲ್ಲಿರುವ ಯು.ಟಿ.ಎಫ್-8 ಎಂಬ ರೀತಿಯಲ್ಲಿ ಕಡತದಲ್ಲಿ ಬರೆದಿಟ್ಟರೆ, ಒಂದೊಂದು ಕನ್ನಡ ಗುರುತಿಗೂ ಮೂರು ಬೈಟುಗಳಂತೆ ಹದಿನೆಂಟು ಬೈಟುಗಳು. ಹದಿನೆಂಟನ್ನು ತಿರುಗಿಸಿದರೆ ಯಾವ ಲಿಪಿಯೂ ಅಲ್ಲದ ಕಸವಾಗುವುದು. ಆರನ್ನು ತಿರುಗಿಸಿದರೆ "ಕತ್ಸುಪ": ಪಕಾರದ ಕೊಂಬು ಸಕಾರಕ್ಕೆ ಹೋಯಿತು, ಸಕಾರಕ್ಕೆ ಒತ್ತಾಗಿದ್ದ ತಕಾರವು ಮೇಲೇರಿತು. ಕಾಗುಣಿತವನ್ನು ವ್ಯಂಜನದೊಡನೆ ಹಿಡಿದು, ಹಲಂತದ ನಂತರ ಮಾತ್ರ ಕತ್ತರಿಸುವ ಸಾಧನಗಳೂ ಇವೆ. ಅವುಗಳಿಂದ "ಕತಸ್ಪು" ಎಂದಾಗುವುದು. ಮೂರನ್ನು ತಿರುಗಿಸಿದರೆ "ಕಸ್ತಪು". ನಾಲ್ಕು ಉತ್ತರಗಳು, ನಾಲ್ಕರಲ್ಲಿಯೂ ಯಂತ್ರವು ಹೇಳಿದುದನ್ನು ಹೇಳಿದಂತೆಯೇ ಮಾಡಿರುವುದು. ಕನ್ನಡ ಬಲ್ಲವರು ಒಪ್ಪುವುದು ಕಡೆಯದೊಂದನ್ನೇ. ಮೂರು ಎಂಬ ಎಣಿಕೆಯನ್ನು ಯಂತ್ರಕ್ಕೆ ಹೇಳಿಕೊಡಬೇಕಾದವರು ನಾವು.

ತಪ್ಪು ಕನ್ನಡದ್ದಲ್ಲ, ಇಂಗ್ಲೀಷಿನದೂ ಅಲ್ಲ. ಸಮುವೇಲನ ತಾಯಿಯಾದ ಹನ್ನಳ ಹೆಸರು ಇಂಗ್ಲೀಷು ಲಿಪಿಯಲ್ಲಿ ಆರು ಅಕ್ಷರಗಳುಳ್ಳದ್ದಾಗಿ, ಎರಡು ಕಡೆಯಿಂದಲೂ ಒಂದೇ ಆಗಿರುವುದು. ಕನ್ನಡದಲ್ಲಿ ತಿರುಗಿಸಿದರೆ "ನ್ನಹ". ನಮ್ಮ "ವಿಕಟಕವಿ"ಯನ್ನು ಇಂಗ್ಲೀಷು ಅಕ್ಷರಗಳಲ್ಲಿ ಬರೆದರೆ ವಕಾರದಿಂದ ಆರಂಭವಾಗಿ ಇಕಾರದಲ್ಲಿ ಮುಗಿಯುವುದರಿಂದ, ಅದೂ ಹಿಂದಿರುಗಿ ಬಾರದು. ಪದವು ಗತಪ್ರತ್ಯಾಗತವೋ ಅಲ್ಲವೋ ಎಂಬುದು ಅದನ್ನು ಯಾವ ತುಂಡುಗಳಾಗಿ ಒಡೆಯುತ್ತೇವೆಂಬುದರ ಮೇಲೆ ನಿಂತಿರುವುದು. ಅಷ್ಟೇ ಅಲ್ಲ, ಇಂಗ್ಲೀಷಿನಲ್ಲಿಯೂ ಹನ್ನಳ ಮೊದಲಕ್ಷರವನ್ನು ವ್ಯಾಕರಣದಂತೆ ದೊಡ್ಡದಾಗಿ ಬರೆದರೆ ಯಂತ್ರವು ಒಪ್ಪದು, ದೊಡ್ಡ ಅಕ್ಷರದ ಸಂಖ್ಯೆ 72, ಚಿಕ್ಕದರದು 104.

ಹಾಗಾದರೆ ಕನ್ನಡದ ಪದವನ್ನು ಅಕ್ಷರಗಳಾಗಿ ಒಡೆಯುವ ಬಗೆ ಹೇಗೆ? ಇದು ಹೈಸ್ಕೂಲಿನ ಹುಡುಗಿಗೆ ಅಸಾಧ್ಯವಾದುದಲ್ಲ. ಗುರುತುಗಳನ್ನು ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗಬೇಕು. ಸ್ವರವಾಗಲಿ ವ್ಯಂಜನವಾಗಲಿ ಬಂದರೆ ಹೊಸ ಅಕ್ಷರವನ್ನು ಆರಂಭಿಸಬೇಕು. ಆದರೆ ಅದರ ಹಿಂದಿನ ಗುರುತು ಹಲಂತವಾಗಿದ್ದರೆ ಆರಂಭಿಸದೆ ಹಿಂದಿನದಕ್ಕೇ ಸೇರಿಸಬೇಕು. ಕಾಗುಣಿತದ ಗುರುತು, ಅನುಸ್ವಾರ, ವಿಸರ್ಗ, ಹಲಂತ ಇವು ಬಂದರೆ ಹಿಂದಿನ ಅಕ್ಷರಕ್ಕೇ ಸೇರಿಸಬೇಕು. ಈ ನಿಯಮವನ್ನು "ಪುಸ್ತಕ"ಕ್ಕೆ ಹಚ್ಚಿ ನೋಡಿರಿ: ಪ ಎಂಬುದು ಆರಂಭ, ಕೊಂಬು ಸೇರಿತು, ಸ ಎಂಬುದು ಆರಂಭ, ಹಲಂತ ಸೇರಿತು, ತ ಎಂಬುದು ಹಲಂತದ ಹಿಂದೆಯೇ ಬಂದುದರಿಂದ ಸೇರಿತು, ಕ ಎಂಬುದು ಆರಂಭ. ಮೂರು ಅಕ್ಷರಗಳು ದೊರೆತುವು. ಛಂದಸ್ಸಿನ ಪಾಠದಲ್ಲಿ ಅಕ್ಷರಗಳನ್ನು ಎಣಿಸಿ ಗಣಗಳನ್ನು ಹಾಕಿದ ಹಳೆಯ ವಿದ್ಯಾರ್ಥಿನಿಯರಿಗೆ ಇದು ಪರಿಚಿತವಾದ ಕೆಲಸವೇ. ಆ ಪಾಠದಿಂದ ಏನು ಪ್ರಯೋಜನವೆಂದು ಆಗ ಗೊಣಗಿದವರು ಈಗ ನಗಬಹುದು.

ಹೀಗೆ ಒಡೆದಾದ ಮೇಲೆ, ಅಕ್ಷರಗಳನ್ನು ತಿರುಗಿಸಿ ಮತ್ತೆ ಅಂಟಿಸಿ ಹೋಲಿಸುವ ಆತುರವು ಬೇಡ. "ಗ್ರೇಸ್" ಎಂಬ ಹೆಸರಿನ ಅಕ್ಷರಗಳು ಗ್ರೇ, ಸ್ ಎಂದು ಎರಡು. ತಿರುಗಿಸಿ ಅಂಟಿಸಿದೊಡನೆ "ಸ್ಗ್ರೇ" ಎಂದು ಒಂದೇ ಒತ್ತಕ್ಷರವಾಗಿ ಕೂಡಿಬಿಡುವುದು. ಅದನ್ನು ಇನ್ನೊಮ್ಮೆ ಒಡೆದರೆ ಎರಡು ತುಂಡುಗಳು ಬಾರವು. ಆದುದರಿಂದ ತುಂಡುಗಳನ್ನು ತುಂಡುಗಳಾಗಿಯೇ ಒಂದು ಸಾಲಿನಲ್ಲಿಟ್ಟು, ಮೊದಲನೆಯದನ್ನು ಕಡೆಯದರೊಡನೆ, ಎರಡನೆಯದನ್ನು ಕಡೆಯಿಂದ ಎರಡನೆಯದರೊಡನೆ ಹೋಲಿಸುತ್ತ ಮಧ್ಯದವರೆಗೆ ಬರುವುದೇ ಲೇಸು.

ಹೋಲಿಕೆಯ ಪ್ರಕರಣವೂ ತಿರುಗಿಸುವುದರಷ್ಟೇ ಮೋಸದ್ದು. 9 ದೊಡ್ಡದೋ 10 ದೊಡ್ಡದೋ ಎಂದರೆ, ಮೊತ್ತಗಳಾಗಿದ್ದಲ್ಲಿ 10 ದೊಡ್ಡದು. ಸರಗಳಾಗಿದ್ದಲ್ಲಿ 9 ದೊಡ್ಡದು. ಸರಗಳನ್ನು ನಿಘಂಟಿನಂತೆ ಮೊದಲ ಗುರುತಿನಿಂದ ಹೋಲಿಸುವುದಾದುದರಿಂದ 9ರ ಮುಂದೆ 1 ಸೋಲುವುದು. ಹಾಜರಿಯ ಪಟ್ಟಿಯು 1, 10, 11, 2 ಎಂಬ ಕ್ರಮದಲ್ಲಿ ಅಚ್ಚಾಗಿರುವುದನ್ನು ನೋಡಿದವರಿಗೆ ಕಾರಣವು ಈಗ ಹೊಳೆಯುವುದು. 12 ಎಂಬ ಸರವೂ ೧೨ ಎಂಬ ಸರವೂ ಯಂತ್ರಕ್ಕೆ ಸಮವಲ್ಲ. ಆದರೆ ಎರಡನ್ನೂ ಸಂಖ್ಯೆಯನ್ನಾಗಿ ಮಾಡೆಂದು ಪೈಥಾನಿಗೆ ಹೇಳಿದರೆ, ಅದು ನಮ್ಮ ಕನ್ನಡದ ಅಂಕಗಳನ್ನೂ ಗುರುತಿಸಿ, ಎರಡಕ್ಕೂ ಹನ್ನೆರಡೆಂಬ ಬೆಲೆಯನ್ನೇ ಕೊಡುವುದು. ದಶಾಂಶಗಳಲ್ಲಿ 0.1ಕ್ಕೆ 0.2ನ್ನು ಕೂಡಿ 0.3ರೊಡನೆ ಹೋಲಿಸಿದರೆ "ಸಮವಲ್ಲ" ಎಂದು ಬರುವುದು. ಯಂತ್ರವು ಎರಡರ ಘಾತಗಳಲ್ಲಿ ಎಣಿಸುವುದು. ಹತ್ತನೆಯ ಒಂದು ಅದರಲ್ಲಿ ನಮ್ಮ ಮೂರನೆಯ ಒಂದರಂತೆ ಮುಗಿಯದ ಭಿನ್ನರಾಶಿಯಾದುದರಿಂದ, ಕೂಡಿ ಬಂದುದು 0.30000000000000004. ದಶಾಂಶಗಳನ್ನು ಹೋಲಿಸುವಾಗ, ಇಷ್ಟರೊಳಗಿನ ವ್ಯತ್ಯಾಸವನ್ನು ಸಮವೆಂದು ಎಣಿಸುತ್ತೇವೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕನ್ನಡ ಪದಗಳ ಹೋಲಿಕೆಯಲ್ಲಿ ಇನ್ನೊಂದು ತೊಡಕುಂಟು. ವರ್ಣಮಾಲೆಯಲ್ಲಿ ಳಕಾರವು ಹಕಾರದ ನಂತರ, ಕಟ್ಟಕಡೆಗೆ ಬರುವುದೆಂದು ನಾವೆಲ್ಲರೂ ಕಲಿತಿರುವೆವು. ಯೂನಿಕೋಡಿನಲ್ಲಿ ಅದು ಲಕಾರದ ಪಕ್ಕದಲ್ಲಿ 3251ರಲ್ಲಿ ಕುಳಿತಿರುವುದು. ಸಕಾರವು 3256, ಹಕಾರವು 3257. ಆದುದರಿಂದ ಬರಿಯ ಸಂಖ್ಯೆಗಳನ್ನು ಹೋಲಿಸಿ ಅಕಾರಾದಿಯಾಗಿ ಜೋಡಿಸಿದರೆ "ಬಳೆ"ಯು "ಬಸವ"ನಿಗಿಂತ ಮೊದಲು ಬರುವುದು. ನಮ್ಮ ನಿಘಂಟಿನ ಕ್ರಮದಲ್ಲಿ "ಬಸವ" ಮೊದಲು, "ಬಳೆ" ಆಮೇಲೆ.

ಇದಕ್ಕಿಂತಲೂ ಹೆಚ್ಚು ನಷ್ಟವನ್ನು ಮಾಡತಕ್ಕದ್ದು ಕಣ್ಣಿಗೆ ಒಂದೇ ಆಗಿ ಕಂಡು ಯಂತ್ರಕ್ಕೆ ಬೇರೆಯಾಗಿರುವ ಸರಗಳು. "ಕೊಡೆ" ಎಂಬಲ್ಲಿ ಓತ್ವದ ಗುರುತನ್ನು 3274 ಎಂದು ಒಂದೇ ಸಂಖ್ಯೆಯಾಗಿ ಬರೆಯಬಹುದು. ಅಥವಾ ಏತ್ವ 3270, ಊಕಾರದ ಕೊಂಬು 3266 ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. "ಗ್ರೇಸ್" ಎಂಬ ಹೆಸರಿನ ಕಡೆಯಲ್ಲಿ, ಮುಂದಿನ ಅಕ್ಷರದೊಡನೆ ಕೂಡದಿರಲೆಂದು ಹಾಕುವ 8204 ಎಂಬ ಅಗೋಚರವಾದ ಗುರುತು ಒಂದು ಕಡೆ ಉಳಿದಿದ್ದು, ಇನ್ನೊಂದು ಕಡೆ ಇಲ್ಲದಿದ್ದರೂ ಹೀಗೆಯೇ. ಒಬ್ಬ ಗುಮಾಸ್ತನು ಒಂದು ಕೀಲಿಮಣೆಯಿಂದಲೂ ಇನ್ನೊಬ್ಬನು ಇನ್ನೊಂದರಿಂದಲೂ ಬರೆದ ಎರಡು ಪಟ್ಟಿಗಳನ್ನು ಯಂತ್ರದಿಂದ ಹೋಲಿಸಿದಾಗ, ಬಾಲಿಕೆಯ ಹೆಸರು ಎರಡರಲ್ಲಿಯೂ ಕಣ್ಣಿಗೆ ಕಾಣುತ್ತಿದ್ದರೂ "ಇಲ್ಲ" ಎಂಬ ಉತ್ತರವು ಬರಬಹುದು. ವಿದ್ಯಾರ್ಥಿವೇತನದ ಪಟ್ಟಿಯಾಗಿದ್ದರೆ ಆ ಮನೆಯವರ ಗತಿಯೇನು? ಹೋಲಿಸುವ ಮುಂಚೆ ಎರಡು ಸರಗಳನ್ನೂ ಒಂದೇ ಕಟ್ಟಳೆಯ ರೂಪಕ್ಕೆ ತರುವ ವಿಧಿಯನ್ನು ಯೂನಿಕೋಡಿನವರೇ ಕೊಟ್ಟಿರುವರು. ಪೈಥಾನಿನಲ್ಲಿ ಒಂದು ಸಾಲಿನಲ್ಲಿ ಅದನ್ನು ಹೇಳಬಹುದು. ಆದರೆ ಆ ವಿಧಿಯು ಕಡೆಯ ಅಗೋಚರ ಗುರುತನ್ನು ತೆಗೆಯದು. ಅದನ್ನು ನಾವೇ ತೆಗೆಯಬೇಕು. ಇಂಗ್ಲೀಷಿನಲ್ಲಿ ಮಾತ್ರ ಅಭ್ಯಾಸ ಮಾಡಿದವರಿಗೆ ಈ ವಿಚಾರವು ಹೊಳೆಯುವುದು ಕಷ್ಟ. ಕನ್ನಡನಾಡಿನ ಶಾಲೆಗಳಲ್ಲಿ ಈ ಪಾಠವನ್ನು ಕನ್ನಡ ಪದಗಳಿಂದಲೂ ಕಲಿಸಬೇಕೆಂದು ನಾವು ಹೇಳುವುದು ಭಾಷಾಭಿಮಾನದಿಂದ ಮಾತ್ರವಲ್ಲ.

ಸಾಲುಗಳ, ಎಂದರೆ ಅರೇಗಳ, ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಸಾಲೆಂದರೆ ಅಳಗುಳಿಮಣೆಯ ಒಂದು ಬದಿಯ ಗುಳಿಗಳಂತೆ. ಎಣಿಕೆಯು ಮಾತ್ರ ಒಂದರಿಂದಲ್ಲ, ಸೊನ್ನೆಯಿಂದ. ಮೊದಲ ಗುಳಿಯದನ್ನು ಕಡೆಯದಕ್ಕೂ ಕಡೆಯದನ್ನು ಮೊದಲಿನದಕ್ಕೂ ಬದಲಾಯಿಸುತ್ತ ಒಳಕ್ಕೆ ಬರಬೇಕು. ಮೊದಲಿನದರಲ್ಲಿ ಕಡೆಯದನ್ನು ಹಾಕಿದೊಡನೆ ಮೊದಲಿದ್ದುದು ಅಳಿಸಿಹೋಗುವುದು. ಹಾಲಿನ ಲೋಟವನ್ನೂ ನೀರಿನ ಲೋಟವನ್ನೂ ಅದಲುಬದಲು ಮಾಡುವುದಕ್ಕೆ ಮೂರನೆಯದೊಂದು ಲೋಟವು ಬೇಕಾಗುವಂತೆ ಇಲ್ಲಿಯೂ ಮೂರನೆಯ ಮನೆಯೊಂದು ಬೇಕು. ಮಧ್ಯಕ್ಕೆ ಬಂದೊಡನೆ ನಿಲ್ಲಿಸಬೇಕು. ನಿಲ್ಲಿಸದೆ ಕಡೆಯವರೆಗೂ ಹೋದವಳ ಸಾಲು ಎರಡು ಸಲ ತಿರುಗಿ ಇದ್ದಂತೆಯೇ ಇರುವುದು. ಪ್ರೋಗ್ರಾಮು ಏನೂ ಮಾಡಲಿಲ್ಲವೆಂದು ಅವಳು ತಿಳಿಯುವಳು, ಅದು ಮಾಡಿದ್ದು ಎರಡರಷ್ಟು.

ಸಾಲುಗಳ ಹೋಲಿಕೆಯಲ್ಲಿ ಒಂದೇ ಮುಖ್ಯ ಸಂಗತಿ. ಪೈಥಾನಿನಲ್ಲಿ ಒಂದು ಸಾಲನ್ನು ಇನ್ನೊಂದು ಹೆಸರಿಗೆ ಸಮವೆಂದು ಬರೆದ ಮಾತ್ರಕ್ಕೆ ನಕಲಾಗುವುದಿಲ್ಲ. ಒಬ್ಬಳನ್ನೇ ಶಾಲೆಯಲ್ಲಿ ಒಂದು ಹೆಸರಿನಿಂದಲೂ ಮನೆಯಲ್ಲಿ ಇನ್ನೊಂದು ಹೆಸರಿನಿಂದಲೂ ಕರೆದಂತೆ. ಒಂದು ಹೆಸರಿನಿಂದ ತಿರುಗಿಸಿ ಇನ್ನೊಂದು ಹೆಸರಿನೊಡನೆ ಹೋಲಿಸಿದರೆ, ಯಾವ ಪದವನ್ನು ಕೊಟ್ಟರೂ "ಗತಪ್ರತ್ಯಾಗತ, ಹೌದು" ಎಂದೇ ಬರುವುದು. ವಿಕಟಕವಿಗೂ ಹೌದು, ಪುಸ್ತಕಕ್ಕೂ ಹೌದು. "ಹೌದು" ಎಂದು ಬರಬೇಕಾದ ಪದಗಳನ್ನು ಮಾತ್ರ ಕೊಟ್ಟು ಪರೀಕ್ಷಿಸುವವಳಿಗೆ ಈ ದೋಷವು ಎಂದಿಗೂ ಕಾಣದು. ಹತ್ತು ಪದಗಳಲ್ಲಿ ಐದಾದರೂ "ಅಲ್ಲ" ಎನ್ನಬೇಕಾದುವಾಗಿರಲಿ.

ಮನೆಯಲ್ಲಿ ಮಾಡಿ ನೋಡುವುದಕ್ಕೆ ಒಂದು ಲೆಕ್ಕ. ಯಾವುದಾದರೊಂದು ಸಂಖ್ಯೆಯನ್ನು ತಿರುಗಿಸಿ, ಅದನ್ನು ಮೊದಲಿನದಕ್ಕೆ ಕೂಡಿಸಿ, ಬಂದುದು ಎರಡು ಕಡೆಯಿಂದಲೂ ಒಂದೇ ಆಗಿರುವುದೋ ಎಂದು ನೋಡಿರಿ. ಇಲ್ಲದಿದ್ದರೆ ಬಂದುದಕ್ಕೆ ಮತ್ತೆ ಹಾಗೆಯೇ ಮಾಡಿರಿ. 59ಕ್ಕೆ 95 ಕೂಡಿ 154. 451 ಕೂಡಿ 605. 506 ಕೂಡಿ 1111. ಮೂರೇ ಹೆಜ್ಜೆ. 89ರಿಂದ ಹೊರಟರೆ ಇಪ್ಪತ್ತನಾಲ್ಕು ಹೆಜ್ಜೆಗಳ ನಂತರ 8813200023188 ಎಂಬಲ್ಲಿಗೆ ಬರುವುದು. ಇದನ್ನು ಕೈಯಿಂದ ಮಾಡಿ ಮುಗಿಸಬಲ್ಲ ತಂದೆತಾಯಿಗಳನ್ನು ನಾವು ಮೆಚ್ಚುವೆವು. ಇನ್ನು 196. ಅದಕ್ಕೆ 691 ಕೂಡಿ 887, 788 ಕೂಡಿ 1675, 5761 ಕೂಡಿ 7436, ಹೀಗೆ ಹೋಗುವುದು. ಕೋಟಿಗಟ್ಟಲೆ ಅಂಕಗಳಾಗುವವರೆಗೆ ಯಂತ್ರಗಳಿಂದ ನಡೆಸಿ ನೋಡಿದರೂ ಅದು ಇದುವರೆಗೆ ಗತಪ್ರತ್ಯಾಗತವನ್ನು ಮುಟ್ಟಿಲ್ಲ. ಎಂದಿಗೂ ಮುಟ್ಟದೆಂದು ಸಾಧಿಸಿದವರೂ ಇಲ್ಲ. ಮೇಲೆ ಹೇಳಿದ ಶೇಷ, ಭಾಗಲಬ್ಧ, ನಕಲು, ಹೋಲಿಕೆ ಇವುಗಳಿಗಿಂತ ಹೆಚ್ಚಿನ ವಿದ್ಯೆಯೇನೂ ಇದಕ್ಕೆ ಬೇಡ. 32 ಬಿಟ್ಟುಗಳ ಮನೆಯಲ್ಲಿ ಮಾತ್ರ ಇದನ್ನು ಆರಂಭಿಸಬಾರದು.